ಅಷ್ಟೇನೂ ಕೆಟ್ಟದಾಗಿಲ್ಲದ ಬೆಳಕು

"ದೀಪ ಆರಿಸಿ."

ಎಸ್ಕಿಲ್ ಬೆಚ್ಚಿದ. ಅವನ ಬೆರಳು ಇನ್ನೂ ಸ್ವಿಚ್ಚಿನ ಮೇಲೇ ಇತ್ತು. ರಿಪೇರಿಯವರು ತಾತ್ಕಾಲಿಕವಾಗಿ ತೂಗುಹಾಕಿದ್ದ ದೊಡ್ಡ ದೀಪ ಇಡೀ ಚರ್ಚನ್ನು ಬೆಳ್ಳಗೆ ಬೆಳಗುತ್ತಿತ್ತು. ಒಳಗೆ ಯಾರೂ ಕಾಣಲಿಲ್ಲ.

"ಆರಿಸಿ ಅಂದೆ ಅಲ್ವಾ?"

ದನಿ ನೆಲದಿಂದ ಬಂದಿತ್ತು. ಬೆಂಚುಗಳ ನಡುವಿನ ದಾರಿಯಲ್ಲಿ, ಕೋಟು ಹಾಸಿಕೊಂಡು, ಒಬ್ಬ ಹೆಂಗಸು ಅಂಗಾತ ಮಲಗಿದ್ದಳು. ಎರಡೂ ಅಂಗೈಗಳಿಂದ ಕಣ್ಣು ಮುಚ್ಚಿಕೊಂಡಿದ್ದಳು.

"ನಿಮಗೆ... ಏಟೇನಾದ್ರೂ ಬಿತ್ತಾ?"

"ಈಗ ಬಿತ್ತು, ಕಣ್ಣಿಗೆ. ಎಷ್ಟು ಹೊತ್ತಿಂದ ಕತ್ತಲಿಗೆ ಕಣ್ಣು ಒಗ್ಗಿಸ್ಕೊಳ್ತಾ ಇದ್ದೆ ಗೊತ್ತಾ? ಚಾವಣಿ ಮೇಲಿನ ಚಿತ್ರಗಳು ಆಗಷ್ಟೇ ಕಾಣೋಕೆ ಶುರುವಾಗಿದ್ವು. ಒಂದೇ ಏಟಿಗೆ ಅಳಿಸಿಬಿಟ್ರಿ."

ಎಸ್ಕಿಲ್ ದೀಪ ಆರಿಸಿದ. ಅಕ್ಟೋಬರಿನ ಸಂಜೆ. ಕಿಟಕಿಗಳಲ್ಲಿ ಒಂದಿಷ್ಟು ನೀಲಿ ಮಾತ್ರ ಉಳಿದಿತ್ತು.

"ತಪ್ಪಾಯ್ತು. ಬೆಳಕು ಮಾಡೋಕೆ ಬಂದೋರು ಕತ್ತಲಲ್ಲಿ ಮಲಗಿರ್ತಾರೆ ಅಂತ ನನಗೆ ಯಾರೂ ಹೇಳಿರಲಿಲ್ಲ."

"ಬೆಳಕು ಮಾಡೋಕೆ ಬಂದೋಳು ಅಂತ ಹೇಗೆ ಗೊತ್ತಾಯ್ತು?"

"ನಮ್ಮೂರೋರು ನೆಲದ ಮೇಲೆ ಮಲಗಲ್ಲ. ಕೋಪನ್‌ಹೇಗನ್ನಿಂದ ಇವತ್ತು ಬರಬೇಕಾಗಿದ್ದೋರು ನೀವೊಬ್ಬರೇ."

ಅವಳಿಗೆ ಸಿಟ್ಟು ಬರಬೇಕಿತ್ತು. ನಗು ಬಂತು. ಕತ್ತಲಲ್ಲಿ ಅದು ಅವನಿಗೆ ಕಾಣಲಿಲ್ಲ.

"ಸರಿ, ಬನ್ನಿ. ನೀವೂ ಮಲಗಿ."

"ನಾನಾ?"

"ಹಾಳು ಮಾಡಿದ್ದು ನೀವು. ಮತ್ತೆ ಕಾಣೋವರೆಗೂ ಜೊತೆಗಿದ್ದು ನೋಡಿ."

ಎಸ್ಕಿಲ್ ಒಂದು ಗಳಿಗೆ ಹಿಂದೆಮುಂದೆ ನೋಡಿದ. ಆಮೇಲೆ, ಮರ್ಯಾದೆಗೆ ಬೇಕಾದಷ್ಟು ದೂರ ಬಿಟ್ಟು, ತಣ್ಣನೆಯ ನೆಲದ ಮೇಲೆ ಮಲಗಿದ. ಅವಳ ಉಸಿರಿನ ಸದ್ದು ಅವನಿಗೆ ಕೇಳುತ್ತಿತ್ತು. ನಿಧಾನವಾಗಿ ಕಮಾನಿನ ಮೇಲೆ ಒಂದು ಹಡಗು ಮೂಡಿತು. ಅದರ ಪಕ್ಕ ಇನ್ನೊಂದು. ಆಮೇಲೆ ಬೆಣ್ಣೆ ಕಡೆಯುತ್ತಿರುವ ಒಬ್ಬ ಹೆಂಗಸು, ಅವಳ ಕಡಗೋಲಿಗೆ ಕೈ ಹಾಕಿದ ಒಂದು ಪುಟ್ಟ ದೆವ್ವ.

"ಕಾಣ್ತಾ?" ಅವಳು ಪಿಸುಗುಟ್ಟಿದಳು.

"ಕಾಣ್ತು."

"ಇದನ್ನ ಇಷ್ಟೇ ಮೆತ್ತಗೆ ಕಾಣಿಸಬೇಕು. ನೀವು ಆ ಸ್ವಿಚ್ಚು ಹಾಕಿದಾಗ ಇವು ಬರೀ ಚಾವಣಿ ಮೇಲಿನ ಕಲೆಗಳಾಗಿದ್ವು."

ಹುಟ್ಟಿದಾಗಿನಿಂದ ಬರುತ್ತಿದ್ದ ಚರ್ಚಿನಲ್ಲಿ ಎಸ್ಕಿಲ್ ಮೊದಲ ಸಲ ಮಲಗಿ ಮೇಲೆ ನೋಡಿದ್ದ. ಎದ್ದು ಹೋಗಲು ಮನಸ್ಸೇ ಬರಲಿಲ್ಲ.

ಅವಳ ಹೆಸರು ಮೆರೆಟೆ ಬ್ರೋಹೋಲ್ಮ್. ಅವನು ಎಸ್ಕಿಲ್, ಚರ್ಚಿನಲ್ಲಿ ಆರ್ಗನ್ ನುಡಿಸುವವನು, ಶಾಲೆಯಲ್ಲಿ ಸಂಗೀತ ಮೇಷ್ಟ್ರು. ಹೊಸ ದೀಪಗಳ ಉಸ್ತುವಾರಿ ಯಾರು ನೋಡಿಕೊಳ್ಳುತ್ತೀರಿ ಎಂದು ಚರ್ಚಿನ ಸಮಿತಿಯಲ್ಲಿ ಕೇಳಿದಾಗ ಬೇರೆಲ್ಲರೂ ಕಾಫಿ ಲೋಟ ನೋಡಿಕೊಂಡದ್ದರಿಂದ ಆ ಕೆಲಸ ಇವನ ತಲೆಗೆ ಕಟ್ಟಲಾಗಿತ್ತು.

ನಮ್ಮ ನೋರ್‌ಹಾವ್ನ್ ಪಶ್ಚಿಮ ಯೂಟ್‌ಲೆಂಡಿನ ಕಡಲಂಚಿನ ಊರು. ಗಾಳಿ, ಮೀನು, ಮರಳು ಬಿಟ್ಟರೆ ನಮ್ಮ ಬಳಿ ಹೇಳಿಕೊಳ್ಳುವಂಥದ್ದು ಈ ಚರ್ಚು ಒಂದೇ. ಎರಡು ವರ್ಷ ಮುಚ್ಚಿ ರಿಪೇರಿ ಮಾಡುವಾಗ, ಸುಣ್ಣದ ಪದರಗಳ ಅಡಿಯಿಂದ ಈ ಐನೂರು ವರ್ಷದ ಹಿಂದಿನ ಚಿತ್ರಗಳು ಹೊರಬಂದಿದ್ದವು. ಊರಿಗೆಲ್ಲ ಒಳಗೊಳಗೇ ಎಂಥ ಹೆಮ್ಮೆ ಎಂದರೆ, ಯಾರೂ ಅದರ ಬಗ್ಗೆ ಮಾತೇ ಆಡುತ್ತಿರಲಿಲ್ಲ.

ಮೆರೆಟೆಯನ್ನು ಆರಿಸಿದವಳು ಸಮಿತಿಯ ಅಧ್ಯಕ್ಷೆ ಗುದ್ರುನ್. ಹಾಲಿನ ಡೇರಿ ನಡೆಸಿ ಮುದುಕಿಯಾದವಳು. ದೀಪಕ್ಕೆಂದು ಬಂದ ಬೇರೆಯವರೆಲ್ಲ ಕಾರಿನಲ್ಲಿ ಬಂದು ಫೋಟೋ ತೆಗೆದುಕೊಂಡು ಹೋಗಿದ್ದರು. ಮೆರೆಟೆ ಬಸ್ಸಿನಲ್ಲಿ ಬಂದು, ತಾತ್ಕಾಲಿಕ ಪ್ರಾರ್ಥನೆ ನಡೆಯುತ್ತಿದ್ದ ಶಾಲೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತು, ಎಲ್ಲ ಹಾಡುಗಳನ್ನೂ ಹಾಡಿದ್ದಳು.

"ಶ್ರುತಿ ಇರಲಿಲ್ಲ, ಆದ್ರೂ ಹಾಡಿದ್ಲು," ಎಂದು ಗುದ್ರುನ್ ಸಮಿತಿಗೆ ಹೇಳಿದ್ದಳು. ಅಲ್ಲಿಗೆ ತೀರ್ಮಾನವಾಗಿತ್ತು.

ಮೆರೆಟೆಗೆ ಈ ಕೆಲಸ ಬರೀ ಕೆಲಸವಾಗಿರಲಿಲ್ಲ. ಕೋಪನ್‌ಹೇಗನ್ನಿನಲ್ಲಿ ಪ್ರೆಬೆನ್ ಎಂಬವನ ಸ್ಟುಡಿಯೋದಲ್ಲಿ ಅವಳು ವರ್ಷಗಟ್ಟಲೆ ದುಡಿದಿದ್ದಳು. ಅವನನ್ನು ಪ್ರೀತಿಸಿಯೂ ಇದ್ದಳು. ಅವಳ ನಕ್ಷೆಗಳನ್ನು ಅವನು ಕಣ್ಣು ಕಿರಿದು ಮಾಡಿ ನೋಡಿ, "ಪರವಾಗಿಲ್ಲ, ಅಷ್ಟೇನೂ ಕೆಟ್ಟದಾಗಿಲ್ಲ" ಎನ್ನುತ್ತಿದ್ದ. ಮುಂದೆ ಅದೇ ನಕ್ಷೆ ಯಾವುದೋ ಅರಮನೆಯ ಹಜಾರದಲ್ಲೋ ನಾಟಕಶಾಲೆಯಲ್ಲೋ ದೀಪವಾಗಿ ಹೊತ್ತಿಕೊಳ್ಳುತ್ತಿತ್ತು, ಅವನ ಹೆಸರಿನಲ್ಲಿ. ಸಮಾರಂಭಗಳಲ್ಲಿ ಅವಳು ಅವನ ಹಿಂದೆ, ಅವನ ಕೋಟು ಹಿಡಿದು ನಿಂತಿರುತ್ತಿದ್ದಳು.

ಒಂದು ದಿನ ಕೋಟನ್ನು ಕುರ್ಚಿಯ ಮೇಲೆ ಇಟ್ಟು ಹೊರಗೆ ಬಂದಳು. ನೋರ್‌ಹಾವ್ನ್ ಚರ್ಚು ಅವಳ ಸ್ವಂತ ಹೆಸರಿನ ಮೊದಲ ಕೆಲಸ. ಇದೂ ಕೈತಪ್ಪಿದರೆ... ತಾನು ನಿಜವಾಗಿ ಯಾರೂ ಅಲ್ಲ ಎಂದು ಅವಳೇ ನಂಬಿಬಿಡುವ ಹಂತದಲ್ಲಿದ್ದಳು.

ಮುಂದಿನ ವಾರಗಳಲ್ಲಿ ಇಬ್ಬರೂ ದಿನಾ ಸೇರಿದರು. ಅವಳು ಅಳತೆ ತೆಗೆಯುವಳು, ಅವನು ಮೇಲೆ ಅಟ್ಟದಲ್ಲಿ ಆರ್ಗನ್ ಅಭ್ಯಾಸ ಮಾಡುವನು. ಆರ್ಗನ್ ನುಡಿಸುವವನು ಜನರಿಗೆ ಬೆನ್ನು ಹಾಕಿ ಕೂರಬೇಕು. ಹಿಂದೆ ಏನಾಗುತ್ತಿದೆ ಎಂದು ತಿಳಿಯಲು ಅವನ ಹಣೆಯ ಎತ್ತರಕ್ಕೆ ಒಂದು ಸಣ್ಣ ಕನ್ನಡಿ ಇತ್ತು. ಅಭ್ಯಾಸದ ವೇಳೆಯಲ್ಲಿ ಅವನು ಆ ಕನ್ನಡಿಯನ್ನು ಅಗತ್ಯಕ್ಕಿಂತ ಹೆಚ್ಚಾಗಿ ನೋಡುತ್ತಿದ್ದ ಎಂಬುದು ಬೇರೆ ಮಾತು.

"ದೀಪ ಎಲ್ಲಿಡ್ತೀರಿ?" ಎಂದು ಕಾಫಿ ಬಗ್ಗಿಸುತ್ತಾ ಕೇಳಿದ.

"ಮೇಲೆ ಎಲ್ಲೂ ಇಲ್ಲ. ಪ್ರತಿ ಬೆಂಚಿನ ತುದಿಗೂ ಒಂದು ಸಣ್ಣ ಹಿತ್ತಾಳೆ ದೀಪ. ಕೂತೋರ ಭುಜದ ಎತ್ತರಕ್ಕೆ. ಬೆಳಕು ಹಾಡಿನ ಪುಸ್ತಕದ ಮೇಲೆ ಬೀಳ್ಬೇಕು, ಅಷ್ಟೇ."

"ಹಾಗಾದ್ರೆ ಚಿತ್ರಗಳು?"

"ಪುಸ್ತಕದ ಹಾಳೆ ಬಿಳಿ, ಗೋಡೆ ಸುಣ್ಣದ್ದು, ಅದೂ ಬಿಳಿ. ಬೆಳಕು ಹಾಳೆಯಿಂದ ಮುಖಕ್ಕೆ, ಮುಖದಿಂದ ಗೋಡೆಗೆ, ಗೋಡೆಯಿಂದ ಮೇಲಕ್ಕೆ ಹೋಗತ್ತೆ. ಚಿತ್ರಗಳನ್ನ ಜನರೇ ಬೆಳಗಬೇಕು. ಖಾಲಿ ಚರ್ಚಲ್ಲಿ ಇದು ಅರ್ಧವೂ ಕಾಣಲ್ಲ. ಜನ ಬಂದು, ಕೂತು, ಪುಸ್ತಕ ಬಿಚ್ಚಬೇಕು."

ಎಸ್ಕಿಲ್ ಕಾಫಿ ಬಗ್ಗಿಸುವುದನ್ನು ಮರೆತಿದ್ದ. ಲೋಟ ತುಂಬಿ ಅವನ ಪ್ಯಾಂಟಿನ ಮೇಲೆ ಚೆಲ್ಲಿತು.

'ಈ ಮನುಷ್ಯನಿಗೆ ಅರ್ಥವಾಯಿತು,' ಎಂದು ಮೆರೆಟೆಯ ಮನಸ್ಸು ಹಿಗ್ಗಿತು. 'ಎರಡನೇ ಸಲ ಹೇಳಬೇಕಾಗಲೇ ಇಲ್ಲ...'

ಅವಳು ಅವನಿಗೆ ಪ್ರೆಬೆನ್ ಕಥೆ ಹೇಳಲಿಲ್ಲ. ಹೇಳಿದ್ದರೆ ಮುಂದಿನದು ನಡೆಯುತ್ತಿರಲಿಲ್ಲವೇನೋ. ಆದರೆ ತನ್ನ ಸೋಲನ್ನು ಇಷ್ಟವಾದವನ ಮುಂದೆ ಬಿಚ್ಚಿಡಲು ಯಾರಿಗೆ ತಾನೇ ಮನಸ್ಸು ಬರುತ್ತದೆ?

ನವೆಂಬರಿನಲ್ಲಿ ಪರೀಕ್ಷೆಯ ದಿನ ಬಂತು. ಎಲೆಕ್ಟ್ರಿಷಿಯನ್ ಕ್ರೆಸ್ಟೆನ್, ಅವನೂ ಸಮಿತಿಯ ಸದಸ್ಯನೇ, ಮುಂದಿನ ನಾಲ್ಕಾರು ಬೆಂಚುಗಳಿಗೆ ದೀಪ ಕೂರಿಸಿದ್ದ. ಹೊರಗೆ ಕತ್ತಲಾಗಿತ್ತು. ಸಮಿತಿಯವರು ಬಂದು, ಟೋಪಿ ಕೈಯಲ್ಲಿ ಹಿಡಿದು ನಿಂತರು. ಮೆರೆಟೆ ದೀಪ ಹೊತ್ತಿಸಿ ಬೆಂಚುಗಳ ಮೇಲೆ ತೆರೆದ ಹಾಡಿನ ಪುಸ್ತಕಗಳನ್ನು ಇಟ್ಟಳು, ತಾನೂ ಒಂದನ್ನು ಬಿಚ್ಚಿ ಹಿಡಿದಳು. ತುಸು ಹೊತ್ತಿನಲ್ಲಿ ಮೇಲೆ ಮಸುಕಾಗಿ ಹಡಗುಗಳು ತೇಲಿಬಂದವು.

ಗುದ್ರುನ್ ಮೂಗು ಒರೆಸಿಕೊಂಡಳು. ಕ್ರೆಸ್ಟೆನ್ ಮೇಲೆ ನೋಡುತ್ತಾ, "ಆ ಬೆಣ್ಣೆ ಕಡೆಯೋಳು ಥೇಟ್ ನಮ್ಮತ್ತೆ ಥರಾನೇ ಇದ್ದಾಳೆ. ಪಕ್ಕದಲ್ಲಿರೋನು ನಮ್ಮಾವ," ಎಂದ. ಯಾರೋ ಕಿಸಕ್ಕೆಂದರು. ಬೆಳಕಿನ ಬಗ್ಗೆ ಮಾತ್ರ ಯಾರೂ ಏನೂ ಹೇಳಲಿಲ್ಲ.

ಮೆರೆಟೆ ಅಟ್ಟದ ಕಡೆ ತಿರುಗಿ, ಆರ್ಗನ್ ಮುಂದೆ ಕೂತಿದ್ದ ಎಸ್ಕಿಲ್‌ನನ್ನು ನೋಡಿದಳು. 'ನೀವಾದರೂ ಹೇಳಿ,' ಎಂದು ಅವಳ ಕಣ್ಣು ಬೇಡುತ್ತಿತ್ತು.

ಎಸ್ಕಿಲ್ ಕೆಮ್ಮಿದ.

"ಅಷ್ಟೇನೂ ಕೆಟ್ಟದಾಗಿಲ್ಲ," ಎಂದ.

"ಹೂಂ, ಅಷ್ಟೇನೂ ಕೆಟ್ಟದಾಗಿಲ್ಲ," ಎಂದಳು ಗುದ್ರುನ್.

"ತೀರಾ ಕೆಟ್ಟದಾಗಿಲ್ಲ," ಎಂದ ಕ್ರೆಸ್ಟೆನ್.

ಓದುಗರೇ, ನಮ್ಮ ಕಡಲತೀರದ ಭಾಷೆ ನಿಮಗೆ ಗೊತ್ತಿಲ್ಲದಿದ್ದರೆ ಇಲ್ಲೊಂದು ಮಾತು ಹೇಳಲೇಬೇಕು. ಗುದ್ರುನ್‌ಳ ಗಂಡ ತನ್ನ ಚೊಚ್ಚಲ ಮಗಳನ್ನು ಎತ್ತಿಕೊಂಡು ಇದೇ ಮಾತು ಹೇಳಿ, ಆಮೇಲೆ ಕೊಟ್ಟಿಗೆಯ ಹಿಂದೆ ಹೋಗಿ ಅತ್ತಿದ್ದ. ನಮ್ಮಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ತನ್ನದನ್ನು ಹೊಗಳಿಕೊಳ್ಳುವುದು ನಾಚಿಕೆಗೇಡು, ಪಕ್ಕದವನದನ್ನು ಹೊಗಳುವುದೂ ಅದಕ್ಕೆ ಹತ್ತಿರದ್ದು. ಅಷ್ಟು ಜನರ ಬಾಯಿಂದ ಒಂದೇ ದಿನ ಆ ಮಾತು ಹಿಂದೆಂದಾದರೂ ಬಂದದ್ದು ಊರಿನಲ್ಲಿ ಯಾರಿಗೂ ನೆನಪಿಲ್ಲ.

ಆದರೆ ಮೆರೆಟೆಗೆ ಕೇಳಿಸಿದ್ದು ಪ್ರೆಬೆನ್‌ನ ದನಿ.

ಪಶ್ಚಿಮದವರು ಕಡಿಮೆ ಮಾತಿನವರು ಎಂಬ ನಗೆಮಾತುಗಳನ್ನು ಅವಳೂ ಕೇಳಿದ್ದಳು. ಆದರೆ ನೋವಿನ ಮೇಲೆಯೇ ಪೆಟ್ಟು ಬಿದ್ದಾಗ ನಗೆಮಾತು ನೆನಪಿಗೆ ಬರುವುದಿಲ್ಲ.

'ಅದೇ ಮಾತು. ಅದೇ ಮಾತನ್ನು ಇವನೂ ಹೇಳಿದ... ಕಾಫಿ ಚೆಲ್ಲಿಕೊಂಡವನು!'

"ಸರಿ," ಎಂದಳು ನಗುಮುಖ ಮಾಡಿ. "ಇನ್ನೂ ಚೆನ್ನಾಗಿ ಮಾಡಬಹುದು. ಸ್ವಲ್ಪ ಸಮಯ ಕೊಡಿ."

ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇದಕ್ಕಿಂತ ಚೆನ್ನಾಗಿ? ಇರಬಹುದು, ಅವಳು ತಿಳಿದವಳು.

ಎರಡು ವಾರದ ನಂತರ ಮೆರೆಟೆ ಹೊಸ ನಕ್ಷೆಯೊಂದಿಗೆ ಬಂದಳು. ಅದರಲ್ಲಿ ಬೆಂಚಿನ ದೀಪಗಳು ಮಾಯವಾಗಿದ್ದವು. ಪ್ರತಿ ಕಮಾನಿನ ಬುಡದಲ್ಲೂ ಚಿತ್ರಗಳ ಮೇಲೆ ನೇರವಾಗಿ ಎರಗುವ ದೊಡ್ಡ ದೀಪಗಳು. ಹಬ್ಬಕ್ಕೆ ತಕ್ಕಂತೆ ಬಣ್ಣ ಬದಲಾಗುವ ವ್ಯವಸ್ಥೆ. ಉಪವಾಸದ ದಿನಗಳಿಗೆ ನೇರಳೆ, ಈಸ್ಟರ್‌ಗೆ ಬಂಗಾರ. ಪರೀಕ್ಷೆಗೆಂದು ತಂದಿದ್ದ ಒಂದು ದೀಪದ ಗುಂಡಿಯನ್ನು ಕ್ರೆಸ್ಟೆನ್ ಒತ್ತಿದ. ಬೆಣ್ಣೆ ಕಡೆಯುವ ಹೆಂಗಸು ನೇರಳೆಯಾದಳು.

ಗುದ್ರುನ್ ಬಹಳ ಹೊತ್ತು ನೋಡಿದಳು.

"ಭಾರಿ ವಿಶೇಷವಾಗಿದೆ," ಎಂದಳು.

"ಇಂಥದ್ದು ನಾವು ನೋಡೇ ಇರಲಿಲ್ಲ," ಎಂದ ಕ್ರೆಸ್ಟೆನ್.

ಮೆರೆಟೆಯ ಮುಖ ಅರಳಿತು. ಪಾಪ! ಹಿಂದೊಮ್ಮೆ ಗುದ್ರುನ್‌ಳ ನಾದಿನಿ ಹೆರಿಂಗ್ ಮೀನಿಗೆ ಕಿತ್ತಳೆ ಹಣ್ಣಿನ ಗೊಜ್ಜು ಹಾಕಿ ಬಡಿಸಿದಾಗಲೂ ಗುದ್ರುನ್ "ಭಾರಿ ವಿಶೇಷವಾಗಿದೆ" ಎಂದೇ ಹೇಳಿದ್ದಳು. ಅಲ್ಲಿಂದಾಚೆ ಆ ಮನೆಗೆ ಊಟಕ್ಕೆ ಹೋಗಲಿಲ್ಲ.

ಎಸ್ಕಿಲ್ ಟೋಪಿ ಹಾಕಿಕೊಂಡು ಹೊರಗೆ ಹೋದ.

ಬಂದರಿನ ಮೀನು ಹರಾಜಿನ ಕಟ್ಟೆಯ ಹತ್ತಿರ ಅವಳು ಅವನನ್ನು ಹಿಡಿದಳು. ಗಾಳಿಗೆ ಇಬ್ಬರೂ ಕೂಗಿ ಮಾತಾಡಬೇಕಾಗಿತ್ತು.

"ನಿಮಗೊಬ್ಬರಿಗೇ ಇಷ್ಟ ಆಗ್ಲಿಲ್ಲ, ಅಲ್ವಾ?"

"ಮೊದಲನೇದನ್ನ ಹಾಕಿ."

"ಮೊದಲನೇದನ್ನ ನೀವೇ ಕೆಟ್ಟದಾಗಿಲ್ಲ ಅಂದ್ರಿ."

"ಹೌದು, ಅಂದೆ."

"ಮತ್ತೆ?"

"ಮತ್ತೆ... ಅದನ್ನೇ ಹಾಕಿ."

ಮೆರೆಟೆ ತಲೆ ಹಿಡಿದುಕೊಂಡಳು. "ಎಸ್ಕಿಲ್, ನಾನೇನು ಹುಚ್ಚೀನಾ? ಒಂದು ದಿನ ಕೆಟ್ಟದಾಗಿಲ್ಲ ಅಂತ ಮುಖ ಗಂಟು ಹಾಕ್ಕೊಂಡು ನಿಲ್ತೀರಿ. ಇನ್ನೊಂದು ದಿನ ಅದನ್ನೇ ಹಾಕಿ ಅಂತೀರಿ."

"ನನ್ನ ಮುಖ ಇರೋದೇ ಹಾಗೆ."

"ತಮಾಷೆ ಬೇಡ."

"ನಮ್ಮ ಕಡೆ ಹಾಗಂದ್ರೆ... ಒಳ್ಳೇದು ಅಂತ."

"ಒಳ್ಳೇದಾದ್ರೆ ಒಳ್ಳೇದು ಅನ್ನಬೇಕು!" ಅವಳ ದನಿ ಒಡೆಯಿತು. ಆಗ ಅವಳು ಪ್ರೆಬೆನ್ ಕಥೆಯನ್ನೆಲ್ಲ ಹೇಳಿದಳು, ಗಾಳಿಗೆ ಎದುರಾಗಿ, ಒಂದೇ ಉಸಿರಿಗೆ. "ಇಬ್ಬರೇ ಇದ್ದಾಗ ಅವನು ನನ್ನ ಮುದ್ದು ಮಾಡ್ತಿದ್ದ. ಜನರ ಮುಂದೆ ಒಂದು ಸಲಾನೂ ಇದು ಮೆರೆಟೆ ಮಾಡಿದ್ದು ಅಂತ ಹೇಳಲಿಲ್ಲ. ಈಗ ನೀವೂ ಈ ಕಟ್ಟೆ ಹತ್ರ, ಯಾರೂ ಇಲ್ಲದಾಗ, ಒಳ್ಳೇದು ಅಂತಿದ್ದೀರಿ. ಸಮಿತಿ ಮುಂದೆ ಹೇಳ್ತೀರಾ? ಎಲ್ಲರ ಎದುರಿಗೆ, ನೇರವಾಗಿ?"

ಎಸ್ಕಿಲ್ ಬಾಯಿ ತೆರೆದ. ಮುಚ್ಚಿದ.

"ಅದೇ. ನನಗೆ ಗೊತ್ತಿತ್ತು," ಎಂದು ಮೆರೆಟೆ ಕೋಟಿನ ಕಾಲರು ಎತ್ತಿಕೊಂಡು ಹೊರಟುಹೋದಳು.

ಅವನು ಅಲ್ಲೇ ನಿಂತಿದ್ದ. ಅವನ ತಂದೆ ಅವನ ತಾಯಿಗೆ ಪ್ರೀತಿಸುತ್ತೇನೆ ಎಂದು ಒಮ್ಮೆಯೂ ಹೇಳಿರಲಿಲ್ಲ. ಅವಳ ಶವಪೆಟ್ಟಿಗೆಯ ಮುಂದೆ ನಿಂತಾಗಲೂ "ಒಳ್ಳೇ ಹೆಂಗಸು" ಎಂದಿದ್ದ, ಅಷ್ಟೇ. ಅಪ್ಪನ ಪ್ರೀತಿ ಹೇಳದೆಯೂ ಅಮ್ಮನಿಗೆ ಗೊತ್ತಿತ್ತು ಎಂದು ಎಸ್ಕಿಲ್ ಯಾವತ್ತೂ ನಂಬಿಕೊಂಡು ಬಂದಿದ್ದ. ಈಗ ಮೊದಲ ಸಲ ಅನುಮಾನ ಬಂತು.

'ಗೊತ್ತಿರಲಿಲ್ಲವೇನೋ. ಕಾಯುತ್ತಿದ್ದಳೇನೋ...'

ಸಮಿತಿಯ ಸಭೆ ಚರ್ಚಿನ ಪಕ್ಕದ ಮನೆಯಲ್ಲಿ. ಕಾಫಿ, ಪದರದ ಕೇಕು, ಬಿಳಿ ಮೇಜುಬಟ್ಟೆ. ಇವತ್ತು ಒಪ್ಪಿಗೆ ಬಿದ್ದರೆ ನಾಳೆ ದೀಪಗಳಿಗೆ ಹೇಳಿಕಳಿಸುವುದು. ಒಮ್ಮೆ ಕೂರಿಸಿದರೆ ಮುಂದಿನ ತಲೆಮಾರಿನವರೆಗೂ ಅವೇ ದೀಪಗಳು. ಮೆರೆಟೆ ಮೂಲೆಯಲ್ಲಿ ಕೂತಿದ್ದಳು. ಗೆದ್ದೆ ಎಂದುಕೊಂಡಿದ್ದಳು, ಆದರೆ ಖುಷಿ ಏಕೋ ಬರುತ್ತಿರಲಿಲ್ಲ.

"ಹೊಸ ನಕ್ಷೆ ಎಲ್ಲರೂ ನೋಡಿದ್ದೀರಿ," ಎಂದಳು ಗುದ್ರುನ್. "ವಿಶೇಷವಾಗಿದೆ. ಮೆರೆಟೆಗೆ ಗೊತ್ತಿರೋವಷ್ಟು ನಮಗೆ ಗೊತ್ತಿಲ್ಲ. ಯಾರಿಗಾದ್ರೂ ಏನಾದ್ರೂ ಹೇಳೋದಿದ್ಯಾ?"

ಯಾರಿಗೂ ಇರಲಿಲ್ಲ. ಅಂದರೆ, ಎಲ್ಲರಿಗೂ ಇತ್ತು. ಆದರೆ ಅಷ್ಟು ದೂರದಿಂದ ಬಂದವಳ ಮನಸ್ಸು ನೋಯಿಸುವುದು ಹೇಗೆ? ಬೇಡದ ಬೆಳಕಿನಲ್ಲಿ ಜೀವಮಾನವಿಡೀ ಕೂರಲು ತಯಾರಿದ್ದರು, ಬೇಡ ಎನ್ನಲು ತಯಾರಿರಲಿಲ್ಲ. ನಮ್ಮೂರಿನವರು ಹಾಗೇ.

"ಹಾಗಾದ್ರೆ ಕೈ ಎತ್ತಿ."

ಒಂದು ಕೈ ಮೇಲೆದ್ದಿತು, ಇನ್ನೊಂದು. ಕ್ರೆಸ್ಟೆನ್ ನಿಟ್ಟುಸಿರು ಬಿಟ್ಟು ತನ್ನದನ್ನೂ ಎತ್ತಿದ.

ಕುರ್ಚಿ ಜರುಗಿದ ಸದ್ದಾಯಿತು. ಎಸ್ಕಿಲ್ ಎದ್ದು ನಿಂತಿದ್ದ.

"ನನಗೆ ಹೇಳೋದಿದೆ."

"ಕೂತ್ಕೊಂಡೇ ಹೇಳಯ್ಯಾ," ಎಂದಳು ಗುದ್ರುನ್.

"ಕೂತ್ರೆ ಆಗಲ್ಲ." ಅವನ ಕಿವಿ ಕೆಂಪಾಗಿತ್ತು. "ಮೊದಲ ದಿನ ಮೆರೆಟೆ ಹಚ್ಚಿದ ಬೆಳಕು... ಸುಂದರವಾಗಿತ್ತು."

ಮೇಜಿನ ಸುತ್ತ ಎಲ್ಲರೂ ತಲೆ ತಗ್ಗಿಸಿ ಕೇಕು ನೋಡಿದರು. ಇಂಥ ಮಾತು ಆ ಕೋಣೆಯಲ್ಲಿ ಯಾರೂ ಆಡಿರಲಿಲ್ಲ.

"ಸುಂದರ ಅಂದ್ರೆ, ನಾನು ನನ್ನ ಆಯುಷ್ಯದಲ್ಲಿ ಅಂಥದ್ದು ನೋಡಿಲ್ಲ. ನೀವೂ ನೋಡಿಲ್ಲ. ಗುದ್ರುನ್, ನೀವು ಅವತ್ತು ಅತ್ರಿ. ನೆಗಡಿ ಅಂತ ಹೇಳ್ಬೇಡಿ."

ಗುದ್ರುನ್ ಕಾಫಿ ಲೋಟ ಆಚೆ ಸರಿಸಿದಳು.

"ನಾನು ಇಷ್ಟು ವರ್ಷ ಈ ಚರ್ಚಿಗೆ ಬೆನ್ನು ಹಾಕಿ ಕೂತಿದ್ದೀನಿ. ಒಂದು ಸಣ್ಣ ಕನ್ನಡೀಲಿ ಮಾತ್ರ ಇದನ್ನ ನೋಡಿದ್ದೀನಿ. ಅವತ್ತು ಕೆಳಗೆ ದೀಪ ಹತ್ತಿದಾಗ ಕನ್ನಡೀಲಿ ಹಡಗುಗಳು ಬಂದ್ವು, ಗೋಡೆ ಬಂತು. ಅದರ ಮಧ್ಯೆ ಕೈಯಲ್ಲಿ ಪುಸ್ತಕ ಹಿಡಿದು ಮೆರೆಟೆ ನಿಂತಿದ್ರು. ಅವರ ಮುಖದ ಮೇಲೆ ಹಾಳೆಯ ಬೆಳಕಿತ್ತು. ನನಗೆ ಏನು ಹೇಳ್ಬೇಕೋ ತಿಳೀಲಿಲ್ಲ. ಅದಕ್ಕೇ ನಮ್ಮಪ್ಪ ಹೇಳ್ತಿದ್ದ ಮಾತು ಹೇಳ್ದೆ. ತಪ್ಪು ಮಾಡ್ದೆ."

ಅವನು ಉಸಿರು ತೆಗೆದುಕೊಂಡ.

"ಈಗ ಹೇಳ್ತೀನಿ. ಆ ಬೆಳಕು ಮೆರೆಟೆ ಬ್ರೋಹೋಲ್ಮ್ ಅವರದ್ದು, ಬೇರೆ ಯಾರದ್ದೂ ಅಲ್ಲ. ಅದು ಈ ಊರಿಗೆ ಬಂದಿರೋದಕ್ಕೆ ನನಗೆ ಹೆಮ್ಮೆ. ಈ ಎರಡನೇದು ಚೆನ್ನಾಗಿಲ್ಲ. ಇನ್ನೊಂದು ಮಾತು. ನಾನು ಅವರನ್ನ ಪ್ರೀತಿಸ್ತೀನಿ. ಅದು ಸಭೆಗೆ ಸಂಬಂಧಪಟ್ಟಿದ್ದಲ್ಲ, ಆದ್ರೆ ಮುಚ್ಚಿಟ್ಟು ಮಾತಾಡಿದ್ರೆ ನ್ಯಾಯ ಅಲ್ಲ."

ಚಮಚವೊಂದು ತಟ್ಟೆಗೆ ಬಿದ್ದ ಸದ್ದು.

"ಸಾಕು, ಎಸ್ಕಿಲ್. ಕೂತ್ಕೋ ಇನ್ನ," ಎಂದಳು ಗುದ್ರುನ್. ಆದರೆ ಅವಳ ದನಿ ಮೆತ್ತಗಿತ್ತು. ತುಸು ತಡೆದು, "ನೆಗಡಿ ಆಗಿರಲಿಲ್ಲ," ಎಂದಳು.

ಕ್ರೆಸ್ಟೆನ್ ಎತ್ತಿದ್ದ ಕೈ ಕೆಳಗಿಳಿಸಿದ. "ನಮ್ಮತ್ತೆ ನೇರಳೆ ಆಗಿದ್ದು ನನಗೂ ಸರಿಬರಲಿಲ್ಲ," ಎಂದ. ಅದಾದ ಮೇಲೆ ಒಬ್ಬೊಬ್ಬರ ಬಾಯಿಯೂ ತೆರೆಯಿತು, ಹಾಡಿನ ಪುಸ್ತಕ ಸರಿಯಾಗಿ ಕಾಣುವುದೂ ಮೊದಲನೆಯದರಲ್ಲೇ ಎಂದು.

ಮೆರೆಟೆ ಎದ್ದಳು. ಅವಳ ಕಣ್ಣು ತುಂಬಿತ್ತು, ಆದರೆ ಬೆನ್ನು ನೆಟ್ಟಗಿತ್ತು.

"ಎರಡನೇ ನಕ್ಷೆಯನ್ನ ನಾನು ವಾಪಸ್ ತಗೊಳ್ತೀನಿ. ಅದನ್ನ ಮಾಡಿದ್ದು ನನ್ನ ಭಯ. ಮೊದಲನೇದನ್ನ ಮಾಡಿದ್ದು ನಾನು. ಅದು ಒಳ್ಳೇ ಕೆಲಸ ಅಂತ ನನಗೆ ಗೊತ್ತಿತ್ತು. ಯಾರು ಏನೇ ಅಂದ್ರೂ ನಾನೇ ಅದರ ಪಕ್ಕ ನಿಲ್ಲಬೇಕಿತ್ತು."

ಹೊರಗೆ ಬಂದಾಗ ಮೆರೆಟೆ ಎಸ್ಕಿಲ್‌ನ ಕೈ ಹಿಡಿದುಕೊಂಡಳು.

"ನಿಮಗೆ ಉತ್ತರ ಈಗಲೇ ಕೊಡಲ್ಲ," ಎಂದಳು.

"ಕೊಡಬೇಕು ಅಂತೇನಿಲ್ಲ."

"ಕೊಡ್ತೀನಿ. ಆದ್ರೆ ದೀಪ ಹತ್ತಿದ ಮೇಲೆ. ಈಗ ಕೊಟ್ರೆ ಜನ ನಾಳೆ, ಮೇಷ್ಟ್ರ ಹುಡುಗಿ ಅಂತ ದೀಪ ಒಪ್ಪಿದ್ರು ಅಂತಾರೆ. ಈ ಕೆಲಸ ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ಕಾಯ್ತೀರಾ?"

"ಕಾಯ್ತೀನಿ," ಎಂದ ಎಸ್ಕಿಲ್. ಕಾಯುವುದರಲ್ಲಿ ನಮ್ಮ ಕಡೆಯವರನ್ನು ಮೀರಿಸುವವರಿಲ್ಲ.

ಫೆಬ್ರುವರಿಯಲ್ಲಿ ಚಳಿಗಾಲದ ನಡುವಿಗೆ ಬರುವ ಮೇಣದಬತ್ತಿಯ ಹಬ್ಬಕ್ಕೆ ಚರ್ಚು ತೆರೆಯಿತು. ಕತ್ತಲಾದ ಮೇಲೆ ಪ್ರಾರ್ಥನೆ. ದೋಣಿಯವರು, ಶಾಲೆಯವರು, ಪಕ್ಕದ ಊರಿನವರು, ಪತ್ರಿಕೆಯವರು ಎಲ್ಲ ಬಂದು ಬೆಂಚುಗಳು ತುಂಬಿದವು. ಸಣ್ಣ ಹಿತ್ತಾಳೆ ದೀಪಗಳು ಹತ್ತಿದವು. ಮೇಲೆ ಬರೀ ಕತ್ತಲು.

ಮೆರೆಟೆ ಹಿಂದಿನ ಗೋಡೆಗೆ ಒರಗಿ ನಿಂತಿದ್ದಳು. ತುಂಬಿದ ಚರ್ಚಿನಲ್ಲಿ ಅವಳೂ ಇದನ್ನು ನೋಡಿರಲಿಲ್ಲ.

'ಲೆಕ್ಕ ತಪ್ಪಿದ್ದರೆ? ಎಲ್ಲರೂ ಕಪ್ಪು ಕೋಟು ಹಾಕಿಕೊಂಡು ಬಂದಿದ್ದಾರಲ್ಲ, ಬೆಳಕನ್ನೆಲ್ಲ ಅವೇ ನುಂಗಿಬಿಟ್ಟರೆ?'

"ಮೇಲೆ ಏನೂ ಕಾಣ್ತಿಲ್ವಲ್ಲೇ," ಎಂದು ಯಾರೋ ಪಿಸುಗುಟ್ಟಿದರು.

ಅಟ್ಟದಲ್ಲಿ ಎಸ್ಕಿಲ್ ನುಡಿಸಲು ಶುರು ಮಾಡಿದ. ಮೊದಲ ಹಾಡು. ಜನರು ಪುಸ್ತಕ ಬಿಚ್ಚಿದರು.

ಒಂದು ಸಾಲಿನ ಮುಖಗಳು ಬೆಳಗಿದವು, ಆಮೇಲೆ ಇನ್ನೊಂದು ಸಾಲಿನವು. ಮುದುಕರ ಸುಕ್ಕುಗಳು, ಹೆಂಗಸರ ಹಣೆ, ಕ್ರೆಸ್ಟೆನ್‌ನ ಬೋಳುತಲೆ, ಎಲ್ಲವೂ ಕೆಳಗಿನಿಂದ ಬಂದ ಆ ಬೆಳಕಿನಲ್ಲಿ ಕಾಣಿಸಿಕೊಂಡವು. ಬೆಳಕು ಸುಣ್ಣದ ಗೋಡೆ ಹತ್ತಿತು. ಎರಡನೇ ಚರಣದ ಹೊತ್ತಿಗೆ ಚಾವಣಿಯಲ್ಲಿ ಹಡಗುಗಳು ಮೂಡಿದವು. ಜನ ಹಾಡುತ್ತಲೇ ತಲೆ ಎತ್ತಿದರು. ತಲೆ ಎತ್ತಿದವರು ಹಾಡು ಬಿಟ್ಟರು, ಬಿಟ್ಟವರು ನಾಚಿಕೊಂಡು ಇನ್ನೂ ಜೋರಾಗಿ ಹಾಡಿದರು.

ಮೆರೆಟೆ ಅಳುತ್ತಿದ್ದಳು. ಒರೆಸಿಕೊಳ್ಳಲಿಲ್ಲ. ಇದು ತಾನು ಮಾಡಿದ್ದು ಎಂಬ ಹೆಮ್ಮೆ ಅವಳ ಎದೆಯ ತುಂಬ, ನೋಯುವಷ್ಟು ಇತ್ತು.

ಪ್ರಾರ್ಥನೆ ಮುಗಿದ ಮೇಲೆ ಪತ್ರಿಕೆಯವನು ಗುದ್ರುನ್‌ಳ ಬಳಿ ಬಂದ. "ಅದ್ಭುತ. ಈ ಬೆಳಕು ಯಾರ ಕೆಲಸ? ಕೋಪನ್‌ಹೇಗನ್ನಿನ ಪ್ರೆಬೆನ್ ಅವರ ಸ್ಟುಡಿಯೋದು ಅನ್ಸತ್ತೆ, ಅದೇ ಶೈಲಿ."

ಮೆರೆಟೆಯ ಕಾಲು ಹಳೆಯ ರೂಢಿಯಂತೆ ಒಂದು ಹೆಜ್ಜೆ ಹಿಂದೆ ಸರಿಯಿತು.

ಗುದ್ರುನ್ ಉತ್ತರ ಕೊಡಲಿಲ್ಲ. ಕ್ರೆಸ್ಟೆನ್ ಕೊಡಲಿಲ್ಲ. ಅಟ್ಟದ ಮೆಟ್ಟಿಲಿಳಿದು ಬಂದ ಎಸ್ಕಿಲ್ ಕೂಡ ಕೊಡಲಿಲ್ಲ. ಎಲ್ಲರೂ ಸುಮ್ಮನೆ ಅವಳ ಕಡೆ ತಿರುಗಿ ನಿಂತರು. ಅವಳ ಪರವಾಗಿ ಮಾತಾಡಲು ಅವರಿಗೆ ಬರುತ್ತಿರಲಿಲ್ಲವೆಂದಲ್ಲ. ಆ ಮಾತು ಅವಳದ್ದು, ಅವಳಿಗೇ ಬಿಟ್ಟಿದ್ದರು.

ಮೆರೆಟೆ ಮುಂದೆ ಬಂದಳು.

"ಅದು ಅವರ ಶೈಲಿ ಅಲ್ಲ, ನನ್ನದು. ಅಲ್ಲಿದ್ದಾಗಲೂ ನನ್ನದೇ ಆಗಿತ್ತು," ಎಂದಳು. "ಇದು ನನ್ನ ಕೆಲಸ. ಮೆರೆಟೆ ಬ್ರೋಹೋಲ್ಮ್. ಹೆಸರು ಸರಿಯಾಗಿ ಬರ್ಕೊಳ್ಳಿ."

"ಅಕ್ಷರ ಬಿಡಿಸಿ ಹೇಳಮ್ಮಾ, ಪೇಪರಿನೋರು ತಪ್ಪು ಬರೀತಾರೆ," ಎಂದಳು ಗುದ್ರುನ್.

ಮೆರೆಟೆ ಬಿಡಿಸಿ ಹೇಳಿದಳು, ಒಂದೊಂದೇ ಅಕ್ಷರ.

ಜನರೆಲ್ಲ ಕಾಫಿಗೆಂದು ಪಕ್ಕದ ಮನೆಗೆ ಹೋದರು. ಎಸ್ಕಿಲ್ ಬೆಂಚಿನ ಮೇಲೆ ಕೂತು, ಹಾಡಿನ ಪುಸ್ತಕಗಳನ್ನು ಒಟ್ಟು ಮಾಡುವವನಂತೆ ನಟಿಸುತ್ತಿದ್ದ. ಅವಳು ಬಂದು ಪಕ್ಕದಲ್ಲಿ ಕೂತಳು.

"ಉತ್ತರ ಕೇಳಲ್ವಾ?"

"ಕೇಳ್ಬೇಕು ಅಂತಿದೆ. ಧೈರ್ಯ ಇಲ್ಲ."

"ಸಮಿತಿ ಮುಂದೆ ಅಷ್ಟು ಮಾತಾಡ್ದೆಯಲ್ಲ ನೀನು."

ಅವಳು 'ನೀನು' ಎಂದದ್ದು ಅವನಿಗೆ ಕೇಳಿಸಿತು. ಕೈಯಲ್ಲಿದ್ದ ಪುಸ್ತಕ ಕೆಳಗಿಟ್ಟ.

"ನಮ್ಮನೆ ಅಡುಗೆಮನೇಲಿ ಒಂದೇ ಬಲ್ಬು, ಬರೀ ತಂತೀಲಿ ನೇತಾಡ್ತಾ ಇದೆ," ಎಂದ. "ನಿನ್ನಂಥೋಳು ನೋಡಿದ್ರೆ ಓಡಿಹೋಗ್ತೀಯ. ಮೊದಲೇ ಹೇಳ್ಬಿಡ್ತೀನಿ."

"ಓಡಿಹೋಗಲ್ಲ. ಅದರ ಕೆಳಗೆ ಕೂತು ಊಟ ಮಾಡ್ತೀನಿ. ಆಮೇಲೆ ನಿಧಾನಕ್ಕೆ ಅದರ ವಿಚಾರ ನೋಡ್ಕೊಳ್ತೀನಿ."

"ಎಷ್ಟು ನಿಧಾನಕ್ಕೆ?"

"ನನಗೆ ವಾಪಸ್ ಹೋಗೋ ಅವಸರ ಏನಿಲ್ಲ."

ಎಸ್ಕಿಲ್ ಅವಳ ಮುಖ ನೋಡಿದ. ಕನ್ನಡಿಯಿಲ್ಲದೆ, ಇಷ್ಟು ಹತ್ತಿರದಿಂದ. ಮೆರೆಟೆ ಅವನ ಎರಡೂ ಕೈ ಹಿಡಿದುಕೊಂಡಳು.

"ನಾನು ನಿನ್ನನ್ನ ಪ್ರೀತಿಸ್ತೀನಿ, ಎಸ್ಕಿಲ್. ಇದಕ್ಕಿಂತ ಕಮ್ಮಿ ಮಾತಲ್ಲಿ ಹೇಳೋಕೆ ನನಗೆ ಬರಲ್ಲ."

ತಂದೆಯಿಂದ ತಾಯಿ ಯಾವತ್ತೂ ಕೇಳದಿದ್ದ ಮಾತು ಅದು, ಆ ಮನೆಯಲ್ಲಿ ಯಾರೂ ಯಾರಿಗೂ ಆಡದಿದ್ದ ಮಾತು.

"ಇನ್ನೊಂದ್ಸಲ ಹೇಳು," ಎಂದ.

ಅವಳು ಹೇಳಿದಳು.